ಕೀಲಿಪದ ಗೊತ್ತಿಲ್ಲದೆ ಚೀಟಿ ಓದಲಿಕ್ಕಾಗುತ್ತದಾ?

ಪ್ರಶ್ನೆ: ಸರ್, ನಮ್ಮದು ನೀರ್ಚಾಲು ಹತ್ತಿರ. ಮಗಳು ಎಂಟನೇ ಕ್ಲಾಸು. ಅವಳ ಕಂಪಾಸ್ ಬಾಕ್ಸಿನಲ್ಲಿ ಗೆಳತಿ ಬರೆದ ಒಂದು ಚೀಟಿ ಸಿಕ್ಕಿತು. ಅಕ್ಷರ ಕನ್ನಡವೇ, ಆದರೆ ಓದಿದರೆ ತಲೆಬುಡ ಅರ್ಥ ಆಗುವುದಿಲ್ಲ. ಕೇಳಿದರೆ ನಗುತ್ತಾಳೆ. "ಕೀಲಿಪದ ಗೊತ್ತಿಲ್ಲದೆ ಯಾರಿಗೂ ಓದಲಿಕ್ಕಾಗುವುದಿಲ್ಲ, ಬೇಕಾದರೆ ಯಾರ ಹತ್ತಿರವಾದರೂ ಕೇಳಮ್ಮ" ಅಂತ ಸವಾಲು ಬೇರೆ. ಇದನ್ನು ಮಾಡುವುದು ಹೇಗೆ? ನಿಜವಾಗಿಯೂ ಒಡೆಯಲಿಕ್ಕಾಗುವುದಿಲ್ಲವಾ? ಇದು ಕಟಪಯಾದಿಯ ಹಾಗೆ ಅಂತ ನಮ್ಮ ಮನೆಯವರು ಹೇಳುತ್ತಾರೆ, ಹೌದಾ? ಇನ್ನೊಂದು, ಎಟಿಎಂ ಪಿನ್, ಪಾಸ್‌ವರ್ಡ್ ಎಲ್ಲ ಹೀಗೆ ಡೈರಿಯಲ್ಲಿ ಬರೆದಿಟ್ಟರೆ ಆಗುತ್ತದಾ? ಚೀಟಿಯಲ್ಲಿ ಇದ್ದದ್ದು ಇಷ್ಟು:

ಅಬ್ಬ ಬರಷಿಣ ಬೇರೆ ಅಜ್ಜಣರ್ರಿ ಇಮುಲ ಹದ್ದಳಣ ಞಪ್ಪ ಡೆಷೆಣು ಇಞು. ಥಾಳೆ ಬತ್ಭಾಹ್ಥ ವಾರೆಭರ್ರಿ ಎರ್ರಮೂ ಒಜ್ಜಿಷೆ ಡಿಥ್ಥುಲ. ಡಬ್ಬಥಿಷೆ ಷೊಡ್ಡಾಣಮೆ ಅಬ್ಬಥಿಷೆ ಹೇಳುಡ್ಡಾಥೆ. ಭಾಮಿಷೂ ಹೇಳಪೇಞ.

ಉತ್ತರ: ಒಡೆಯಿತು ಮಾರಾಯ್ರೇ. ನಿನ್ನೆ ಸಂಜೆ ಮಳೆಗೆ ಕರೆಂಟು ಹೋಗಿತ್ತು, ಜಗಲಿಯಲ್ಲಿ ಪೆನ್ಸಿಲು, ಹಳೆಯ ಕ್ಯಾಲೆಂಡರಿನ ಹಿಂಬದಿ ಹಿಡಿದುಕೊಂಡು ಕೂತಿದ್ದೆ. ಅರ್ಧ ಗಂಟೆ ಹಿಡಿಯಿತು. ಕಂಪ್ಯೂಟರ್ ಮುಟ್ಟಲಿಲ್ಲ. ಕೀಲಿಪದವೂ ಸಿಕ್ಕಿತು, ಅದು ಕೊನೆಗೆ. ಮಕ್ಕಳ ಚೀಟಿ ಒಡೆದು ಕೊಡಿ ಅಂತ ಯಾರಾದರೂ ಸುಮ್ನೆ ಕೇಳಿದರೆ ನಾನು ಒಪ್ಪುವುದಿಲ್ಲ. ಇಲ್ಲಿ ಸವಾಲು ಹಾಕಿದ್ದು ನಿಮ್ಮ ಮಗಳೇ ಆದ್ದರಿಂದ ಕೈ ಹಾಕಿದೆ. ಹೆದರುವಂಥದ್ದು ಅದರಲ್ಲಿ ಏನೂ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಮೊದಲು ಮಾಡುವುದು ಹೇಗೆ ಅಂತ ನೋಡುವ. ಕ ದಿಂದ ಳ ವರೆಗೆ ನಮ್ಮಲ್ಲಿ 34 ವ್ಯಂಜನಗಳು. ಅವನ್ನು ಸಾಲಾಗಿ ಬರೆದುಕೊಳ್ಳಿ. ಇಬ್ಬರಿಗೆ ಮಾತ್ರ ಗೊತ್ತಿರುವ ಒಂದು ಮಾತು ಬೇಕು, ಅದೇ ಕೀಲಿಪದ. ಉದಾಹರಣೆಗೆ 'ಚಂದ್ರಗಿರಿ ಹೊಳೆ' ಅಂತ ಇಟ್ಟುಕೊಳ್ಳುವ. ಅದರಲ್ಲಿರುವ ವ್ಯಂಜನಗಳನ್ನು ಮಾತ್ರ ಹೆಕ್ಕಿ: ಚ, ದ, ರ, ಗ, ರ, ಹ, ಳ. ಒಮ್ಮೆ ಬಂದದ್ದು ಮತ್ತೊಮ್ಮೆ ಬಂದರೆ ಬಿಟ್ಟುಬಿಡಬೇಕು, ಹಾಗಾಗಿ ಎರಡನೇ ರ ಹೋಯಿತು. ಉಳಿದದ್ದು ಚ ದ ರ ಗ ಹ ಳ. ಇದನ್ನು ವರ್ಣಮಾಲೆಯ ಕೆಳಗೆ ಮೊದಲಿನಿಂದ ಬರೆದು, ಆಮೇಲೆ ಇದರಲ್ಲಿ ಬಾರದ ಅಕ್ಷರಗಳನ್ನೆಲ್ಲ ವರ್ಣಮಾಲೆಯ ಕ್ರಮದಲ್ಲೇ ಪೋಣಿಸುತ್ತಾ ಹೋಗಬೇಕು. ಹೀಗೆ ಆಗುತ್ತದೆ:

ಮೇಲೆ: ಕ ಖ ಗ ಘ ಙ ಚ ಛ ಜ ಝ ಞ ಟ ಠ ಡ ಢ ಣ ತ ಥ ದ ಧ ನ ಪ ಫ ಬ ಭ ಮ ಯ ರ ಲ ವ ಶ ಷ ಸ ಹ ಳ
ಕೆಳಗೆ: ಚ ದ ರ ಗ ಹ ಳ ಕ ಖ ಘ ಙ ಛ ಜ ಝ ಞ ಟ ಠ ಡ ಢ ಣ ತ ಥ ಧ ನ ಪ ಫ ಬ ಭ ಮ ಯ ಲ ವ ಶ ಷ ಸ

ಬರೆಯುವಾಗ ಮೇಲಿನ ಅಕ್ಷರದ ಬದಲು ಅದರ ಕೆಳಗಿನದ್ದು. ಓದುವಾಗ ಕೆಳಗಿನದ್ದನ್ನು ಹುಡುಕಿ ಮೇಲಿನದ್ದು. ಕಾಗುಣಿತ, ಸೊನ್ನೆ, ಅ ಆ ಇ ಈ ಎಲ್ಲ ಇದ್ದ ಹಾಗೆ ಇರಲಿ. ಒತ್ತು ಇದ್ದರೆ ಒತ್ತಿನ ಅಕ್ಷರವೂ ಅದೇ ಲೆಕ್ಕದಲ್ಲಿ ಬದಲಾಗುತ್ತದೆ. 'ನಾಳೆ ಸಂಜೆ ಅಡಿಕೆ ತೂಕ' ಅಂತ ಹೇಳಬೇಕಾದರೆ 'ತಾಸೆ ಶಂಖೆ ಅಝಿಚೆ ಠೂಚ' ಆಯಿತು. ಕೇಳಲಿಕ್ಕೆ ಯಾವುದೋ ಮಂತ್ರದ ಹಾಗೆ ಉಂಟು ಅಲ್ವಾ? ಮಕ್ಕಳಿಗೆ ಇದರಲ್ಲಿ ಮಜಾ ಬರುವುದೇ ಅದಕ್ಕೆ. ಬಾಯಲ್ಲೂ ಹೇಳಬಹುದು.

ಉಪಾಯ ಹೊಸದಲ್ಲ. ವಾತ್ಸ್ಯಾಯನ ಕಾಮಸೂತ್ರದಲ್ಲಿ ಹೇಳುವ 64 ಕಲೆಗಳಲ್ಲಿ ಮ್ಲೇಚ್ಛಿತ ವಿಕಲ್ಪ ಅಂತ ಒಂದಿದೆ, ಗುಟ್ಟಾಗಿ ಮಾತಾಡುವ, ಬರೆಯುವ ಕಲೆ. ಆ ಗ್ರಂಥಕ್ಕೆ ಯಶೋಧರ ಬರೆದ ವ್ಯಾಖ್ಯಾನದಲ್ಲಿ ಮೂಲದೇವೀಯ ಅಂತ ಒಂದು ಬಗೆ ಬರುತ್ತದೆ. ಅಕ್ಷರಗಳನ್ನು ಜೋಡಿ ಮಾಡಿ ಒಂದರ ಬದಲು ಇನ್ನೊಂದು ಹಾಕುವುದು, ಖ ಇದ್ದಲ್ಲಿ ಗ, ತ ಇದ್ದಲ್ಲಿ ಪ, ಹೀಗೆ. ಆದರೆ ಅಲ್ಲಿ ಜೋಡಿ ಯಾವಾಗಲೂ ಅವೇ. ಒಮ್ಮೆ ಗೊತ್ತಾದರೆ ಮುಗಿಯಿತು. ಕೀಲಿಪದದ ಕೋಡಿನಲ್ಲಿ ಪದ ಬದಲಾಯಿಸಿದರೆ ಇಡೀ ಪಟ್ಟಿ ಬದಲಾಗುತ್ತದೆ, ಪಟ್ಟಿಯನ್ನು ಬರೆದಿಟ್ಟುಕೊಳ್ಳಬೇಕಾಗಿಯೂ ಇಲ್ಲ, ಪದ ತಲೆಯಲ್ಲಿದ್ದರೆ ಸಾಕು.

ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಮಾಡಲಿಕ್ಕೆ ಹೊರಟವರು ಎರಡು ಕಡೆ ಮುಗ್ಗರಿಸುತ್ತಾರೆ. ಒಂದು, 'ಹುಡುಕಿ ಬದಲಾಯಿಸು' ಒತ್ತಿ ಮೊದಲು ಎಲ್ಲ ಕ ಗಳನ್ನೂ ಚ ಮಾಡುವುದು, ಆಮೇಲೆ ಎಲ್ಲ ಚ ಗಳನ್ನೂ ಳ ಮಾಡುವುದು. ಆಗ ಮೊದಲು ಕ ಇದ್ದದ್ದೂ ಳ ಆಗಿ ಕೂತಿರುತ್ತದೆ, ಮತ್ತೆ ಬಿಡಿಸಲಿಕ್ಕೆ ದೇವರೇ ಬರಬೇಕು. ಒಂದೊಂದೇ ಅಕ್ಷರ ನೋಡಿ ಪಟ್ಟಿಯಿಂದ ಒಮ್ಮೆ ಮಾತ್ರ ಬದಲಾಯಿಸುತ್ತಾ ಹೋಗಬೇಕು. ಇನ್ನೊಂದು ನನಗೇ ಆದದ್ದು. ಯೂನಿಕೋಡಿನಲ್ಲಿ, ಅಂದರೆ ಕಂಪ್ಯೂಟರಿಗಾಗಿ ಅಕ್ಷರಗಳಿಗೆ ನಂಬರು ಕೊಟ್ಟ ಪಟ್ಟಿಯಲ್ಲಿ, ಳ ಇರುವುದು ಕೊನೆಯಲ್ಲಲ್ಲ, ಲ ಆದ ಕೂಡಲೇ ಳ, ಅದರ ನಂತರ ವ. ರ ಮತ್ತು ಲ ನಡುವೆ ಹಳಗನ್ನಡದ ಱ ಕೂಡ ಕೂತಿದೆ. ಕಂಪ್ಯೂಟರಿನ ಕ್ರಮವನ್ನೇ ನಂಬಿ ಪ್ರೋಗ್ರಾಂ ಬರೆದರೆ ಸ್ಲೇಟಿನಲ್ಲಿ ಕಲಿತ ಕ್ರಮಕ್ಕೂ ಅದಕ್ಕೂ ತಾಳೆ ಆಗುವುದಿಲ್ಲ. ಒಂದು ಭಾನುವಾರ ಪೂರ್ತಿ ಇದಕ್ಕೇ ಹೋಗಿತ್ತು. ಒಳ್ಳೆಯ ಸುದ್ದಿ ಏನೆಂದರೆ ಒತ್ತಕ್ಷರಕ್ಕೆ ಬೇರೆ ಕಷ್ಟಪಡಬೇಕಾಗಿಲ್ಲ. ಒಳಗೆ ಅದು ಅರ್ಧಾಕ್ಷರದ ಗುರುತು, ಆಮೇಲೆ ಪೂರ್ತಿ ವ್ಯಂಜನ, ಹೀಗೆಯೇ ಇರುವುದು. ವ್ಯಂಜನ ಬದಲಾಯಿಸಿದರೆ ಒತ್ತು ತಾನೇ ಬದಲಾಗುತ್ತದೆ.

ಈಗ ನಿಮ್ಮ ಮಗಳ ಸವಾಲು. ಅವಳು ಹೇಳಿದ್ದರಲ್ಲಿ ಒಂದು ಸತ್ಯ ಉಂಟು. 34 ಅಕ್ಷರಗಳನ್ನು ಬೇಕಾದ ಹಾಗೆ ಕಲಸಿದರೆ ಆಗುವ ಪಟ್ಟಿಗಳ ಲೆಕ್ಕ 39 ಅಂಕಿಗಳ ಸಂಖ್ಯೆ. ಇಂಗ್ಲಿಷಿನ 26 ಅಕ್ಷರಕ್ಕೆ ಅದು 27 ಅಂಕಿ. ಒಂದೊಂದಾಗಿ ಹಾಕಿ ನೋಡುತ್ತಾ ಕೂತರೆ ಕೈಯಲ್ಲಿ ಬಿಡಿ, ಕಂಪ್ಯೂಟರಿಗೂ ಮುಗಿಯುವುದಿಲ್ಲ. ಆದರೆ ಯಾರು ಹಾಗೆ ಮಾಡುತ್ತಾರೆ? ಮುಂಬಾಗಿಲಿಗೆ ಮೊಣಕೈ ಉದ್ದದ ಬೀಗ ಹಾಕಿ ಅಡುಗೆಮನೆಯ ಹಿಂದಿನ ಬಾಗಿಲು ತೆರೆದಿಟ್ಟ ಹಾಗೆ ಇದು. ಕೋಡು ಅಕ್ಷರವನ್ನು ಮುಚ್ಚುತ್ತದೆ, ಕನ್ನಡದ ನಡಿಗೆಯನ್ನು ಮುಚ್ಚುವುದಿಲ್ಲ. ಯಾವುದು ಜಾಸ್ತಿ ಬರುತ್ತದೆ, ಯಾವುದು ಶಬ್ದದ ಕೊನೆಗೆ ಬರುತ್ತದೆ, ಯಾವುದು ಒತ್ತಾಗಿ ಬರುತ್ತದೆ, ಎಲ್ಲ ಹಾಗೇ ಉಳಿಯುತ್ತದೆ. ಒಂಬತ್ತನೇ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಅಲ್ ಕಿಂದಿ ಎಂಬ ಪಂಡಿತ ಇದನ್ನು ಬರೆದಿಟ್ಟಿದ್ದಾನೆ: ಆ ಭಾಷೆಯ ಸಾಮಾನ್ಯ ಬರಹದಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಅಂತ ಎಣಿಸು, ಗುಟ್ಟಿನ ಬರಹದಲ್ಲೂ ಎಣಿಸು, ಎರಡನ್ನೂ ಹೋಲಿಸು.

ನಾನೂ ಎಣಿಸಿದೆ. ನಿಮ್ಮ ಚೀಟಿಯಲ್ಲಿ 21 ಶಬ್ದ, ಒತ್ತುಗಳೂ ಸೇರಿ 75 ವ್ಯಂಜನ. ಬ ಮತ್ತು ರ ಒಂಬತ್ತೊಂಬತ್ತು ಸಲ, ಷ, ಥ, ಡ ಏಳೇಳು ಸಲ, ಣ ಐದು. ಞ ಮೂರು ಸಲ! ಜ್ಞಾನ, ಆಜ್ಞೆ ಅಂಥ ಶಬ್ದ ಬಿಟ್ಟರೆ ನಾವು ಞ ಬರೆಯುವುದೇ ಇಲ್ಲ, ಥ ಏಳು ಸಲ ಬರಲಿಕ್ಕೂ ಸಾಧ್ಯ ಇಲ್ಲ. ಅಂದರೆ ಅಕ್ಷರಗಳು ಜಾಗ ಬಿಟ್ಟು ಹಿಂದೆ ಮುಂದೆ ಆದದ್ದಲ್ಲ, ಒಂದರ ಬದಲು ಇನ್ನೊಂದು ಬಂದದ್ದು. ಇಷ್ಟಕ್ಕೆ ಎಣಿಕೆಯ ಉಪಯೋಗ ಆಯಿತು. ಮುಂದಕ್ಕೆ ಅದನ್ನೇ ನಂಬಿದರೆ ದಾರಿ ತಪ್ಪುತ್ತದೆ. ಕನ್ನಡದಲ್ಲಿ ದ, ರ, ನ ಜಾಸ್ತಿ ಬರುತ್ತವೆ ಅಂತ ಬ ವನ್ನು ದ ಅಂತಲೋ ರ ಅಂತಲೋ ಹಿಡಿದರೆ ಕೆಟ್ಟಿರಿ. ಚೀಟಿ ಚಿಕ್ಕದು, ಒಂದೇ ಶಬ್ದ ಎರಡು ಮೂರು ಸಲ ಬಂದರೂ ಲೆಕ್ಕ ವಾಲುತ್ತದೆ. ಇಂಗ್ಲಿಷಿನವರು ಎಣಿಕೆಗೆ ಅಷ್ಟು ಮಹತ್ವ ಕೊಡುವುದು ಅವರ 'ಇ' ಅಕ್ಷರ ನೂರಕ್ಕೆ ಹನ್ನೆರಡು ಹದಿಮೂರು ಸಲ ಬರುವುದರಿಂದ. ನಮಗೆ ಅದಕ್ಕಿಂತ ಸುಲಭದ ದಾರಿ ಉಂಟು. ವಿಭಕ್ತಿ ಪ್ರತ್ಯಯ, ಮತ್ತೆ ಒತ್ತು.

ಶಬ್ದದ ಕೊನೆ ನೋಡಿ. ಒಜ್ಜಿಷೆ, ಡಬ್ಬಥಿಷೆ, ಅಬ್ಬಥಿಷೆ. ಮೂರೂ 'ಷೆ' ಯಲ್ಲಿ ಮುಗಿಯುತ್ತವೆ. ಕನ್ನಡದಲ್ಲಿ ಎ ಕಾರ ಹಿಡಿದು ಕೊನೆಗೆ ಮತ್ತೆ ಮತ್ತೆ ಬರುವುದು ಯಾವುದು? ಮನೆಗೆ, ಊರಿಗೆ, ಅವನಿಗೆ. ಷ ಅಂದರೆ ಗ. ಎರಡರಲ್ಲಿ 'ಥಿಷೆ' ಉಂಟು, ಅದು 'ನಿಗೆ' ಇರಬೇಕು. ಥ ಅಂದರೆ ನ. ಇನ್ನು ಅಜ್ಜಣರ್ರಿ, ವಾರೆಭರ್ರಿ. 'ರ್ರಿ' ಯಲ್ಲಿ ಮುಗಿಯುವ ಶಬ್ದ ನಮ್ಮಲ್ಲಿ ಎಲ್ಲಿದೆ? ಇದು 'ಅಲ್ಲಿ' ಬಿಟ್ಟು ಬೇರೆ ಅಲ್ಲ. ರ ಅಂದರೆ ಲ. ಕೂಡಲೇ ಎರ್ರಮೂ 'ಎಲ್ಲ_ೂ' ಆಯಿತು, ಎಲ್ಲರೂ. ಮ ಅಂದರೆ ರ. ಚಹಾ ಮುಗಿಯುವುದರೊಳಗೆ ನಾಲ್ಕು ಅಕ್ಷರ.

ಆಮೇಲೆ ಬಂದದ್ದು ನನಗೆ ಖುಷಿ ಕೊಟ್ಟ ಜಾಗ. ಅಬ್ಬಥಿಷೆ ಅಂದರೆ 'ಅ', ಒಂದು ಒತ್ತಕ್ಷರ, 'ನಿಗೆ'. ಸಂಬಂಧದ ಶಬ್ದ ಅಂತ ವಾಸನೆ ಬರುತ್ತದೆ. ಆದರೆ ಯಾರು? ಅಮ್ಮ, ಅಪ್ಪ, ಅಣ್ಣ, ಅಜ್ಜ, ಅಕ್ಕ, ನಮ್ಮ ಮನೆಯವರೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಇದ್ದಾರೆ. ಹವ್ಯಕರ ಮನೆಯಲ್ಲಿ ಅಬ್ಬೆ ಅಂದರೆ ತಾಯಿ, ಹಾಗಾಗಿ ಒಂದು ಕ್ಷಣ 'ಅಬ್ಬ' ಅಂತಲೇ ಬಿಟ್ಟಿದ್ದಾರಾ ಅಂತಲೂ ಅನಿಸಿತು. ಆಗ ಪಕ್ಕದ ಡಬ್ಬಥಿಷೆ ಕಣ್ಣಿಗೆ ಬಿತ್ತು. ಅದರಲ್ಲೂ ಅದೇ ಒತ್ತು, ಅದೇ 'ನಿಗೆ', ಮುಂದೆ ಮಾತ್ರ ಬೇರೆ ವ್ಯಂಜನ. ಒಂದು ಅಕ್ಷರ ಹಾಕಿದರೆ ಇನ್ನೊಬ್ಬ ಸಂಬಂಧಿ ಸಿಗಬೇಕು. ತಪ್ಪ, ತಣ್ಣ, ತಜ್ಜ, ಯಾವುದೂ ಆಗುವುದಿಲ್ಲ. ಅಮ್ಮ, ತಮ್ಮ! ಬ ಅಂದರೆ ಮ, ಡ ಅಂದರೆ ತ. ಬ ಒಂಬತ್ತು ಸಲ ಬಂದದ್ದು ಯಾಕೆ ಅಂತಲೂ ಗೊತ್ತಾಯಿತು, ಅಮ್ಮ ಮತ್ತು ತಮ್ಮ ಸೇರಿ ಆರು ತಿಂದಿದ್ದಾರೆ.

ಇಷ್ಟು ಸಿಕ್ಕಿದ ಮೇಲೆ ಅಡಿಕೆ ಸುಲಿದ ಹಾಗೆ. ಬೇರೆ ಅಂದರೆ 'ಮೇಲೆ'. ನೋಡಿ, ಕೋಡಿನ ಶಬ್ದವೂ ಸರಿಯಾದ ಕನ್ನಡ ಶಬ್ದವೇ ಆಗಿಬಿಟ್ಟಿತ್ತು, ಮೊದಲು ಓದಿದಾಗ ನಾನು ಅಲ್ಲಿ ಏನೋ ಅರ್ಥ ಹುಡುಕಿದ್ದೆ. ಬರಷಿಣ 'ಮಲಗಿ_', ಮಲಗಿದ, ಹಾಗಾದರೆ ಣ ಅಂದರೆ ದ. ಡೆಷೆಣು ತೆಗೆದು. ಷೊಡ್ಡಾಣಮೆ ಗೊತ್ತಾದರೆ. ಇಮುಲ ಇರುವ, ಡಿಥ್ಥುಲ ತಿನ್ನುವ. 'ತಿನ್ನೋಣ' ಅನ್ನದೆ 'ತಿನ್ನುವ' ಅಂದದ್ದರಿಂದ ಬರೆದ ಹುಡುಗಿ ನಮ್ಮ ಕಡೆಯವಳೇ ಅನ್ನುವುದೂ ಖಾತ್ರಿ ಆಯಿತು.

ಎಡವಿದ್ದು 'ಹೇಳುಡ್ಡಾಥೆ' ಯಲ್ಲಿ. ಕೊನೆ 'ತ್ತಾನೆ' ಅಂತ ಗೊತ್ತು. ಮುಂದಿನ 'ಹೇಳು' ಹೇಗೂ ಬದಲಾಗಿರಬೇಕು ಅಂತ ಹತ್ತು ನಿಮಿಷ ಕೂತೆ. ಸೇರುತ್ತಾನೆಯಾ? ರ ಆಗಲೇ ಬೇರೆ ಕಡೆ ಹೋಗಿದೆ. ಬೇಡುತ್ತಾನೆಯಾ? ಕೊನೆಗೆ 'ಥಾಳೆ' ಬಂತು, 'ನಾ_ೆ'. ಅದು ನಾಳೆಯೇ. ಅಂದರೆ ಳ ಬದಲಾಗಿಯೇ ಇಲ್ಲ! ಬತ್ಭಾಹ್ಥ ಮಧ್ಯಾಹ್ನ ಅಂತ ತಿಳಿದಾಗ ಹ ಕೂಡ ಹ ವೇ. 'ಹೇಳು' ಅಂದರೆ 'ಹೇಳು' ಅಂತಲೇ. ಗುಟ್ಟಿನ ಅಕ್ಷರ ಅಸಲಿನಿಂದ ಬೇರೆ ಇರಲೇಬೇಕು ಅಂತ ನಾವೇ ನಿಯಮ ಮಾಡಿಕೊಂಡು ಕೂರುತ್ತೇವೆ, ಪಟ್ಟಿಗೆ ಹಾಗೇನೂ ಇಲ್ಲ. ಉಳಿದವು ಒಂದರ ಹಿಂದೆ ಒಂದು ಬಿದ್ದವು. ಪೂರ್ತಿ ಹೀಗಿದೆ:

ಅಮ್ಮ ಮಲಗಿದ ಮೇಲೆ ಅಟ್ಟದಲ್ಲಿ ಇರುವ ಹಪ್ಪಳದ ಡಬ್ಬ ತೆಗೆದು ಇಡು. ನಾಳೆ ಮಧ್ಯಾಹ್ನ ಶಾಲೆಯಲ್ಲಿ ಎಲ್ಲರೂ ಒಟ್ಟಿಗೆ ತಿನ್ನುವ. ತಮ್ಮನಿಗೆ ಗೊತ್ತಾದರೆ ಅಮ್ಮನಿಗೆ ಹೇಳುತ್ತಾನೆ. ಯಾರಿಗೂ ಹೇಳಬೇಡ.

ಹಲಸಿನ ಹಪ್ಪಳವೇ ಇರಬೇಕು. ಒಮ್ಮೆ ಅಟ್ಟ ಹತ್ತಿ ನೋಡಿ.

ಇನ್ನು ಕೀಲಿಪದ. ಚೀಟಿ ಓದಿದ ಮೇಲೆ ಅದು ಯಾಕೆ ಅಂತ ಕೇಳಬೇಡಿ, ನಾಳೆಯ ಚೀಟಿ ಬಂದರೆ ಮತ್ತೆ ಅರ್ಧ ಗಂಟೆ ಕೂರುವ ಕೆಲಸ ಇಲ್ಲ. ಸಿಕ್ಕಿದ ಅಕ್ಷರಗಳನ್ನು ಅವುಗಳ ಮನೆಯಲ್ಲಿ ಕೂರಿಸಿದೆ. ಟ ದಿಂದ ಮುಂದೆ ನೋಡಿ:

ಮೇಲೆ: ಟ ಠ ಡ ಢ ಣ ತ ಥ ದ ಧ ನ ಪ ಫ ಬ ಭ ಮ ಯ ರ ಲ ವ ಶ ಷ ಸ ಹ ಳ
ಕೆಳಗೆ: ಜ – ಞ – – ಡ – ಣ ತ ಥ ದ – ಪ – ಬ ಭ ಮ ರ ಲ ವ – – ಹ ಳ

ಕೆಳಗಿನ ಸಾಲು ವರ್ಣಮಾಲೆಯ ಕ್ರಮದಲ್ಲೇ ಸಾಗುತ್ತಿದೆ. ಪಟ್ಟಿ ಸುಮ್ನೆ ಕಲಸಿದ್ದಲ್ಲ, ಕೀಲಿಪದದಿಂದಲೇ ಮಾಡಿದ್ದು ಅನ್ನುವುದಕ್ಕೆ ಇದೇ ಗುರುತು. ಹಾಗಾದರೆ ಕ್ರಮದಿಂದ ತಪ್ಪಿಸಿಕೊಂಡವರು ಯಾರು? ಮ ಆದ ಕೂಡಲೇ ರ ಬಂದಿದೆ, ನಡುವೆ ಯ ಇಲ್ಲ. ದ ಮತ್ತು ಪ ನಡುವೆ ಒಂದೇ ಖಾಲಿ ಮನೆ, ಕೂರಬೇಕಾದವರು ಧ, ನ ಇಬ್ಬರು. ಒಬ್ಬ ಹೊರಗೆ. ವ ಮತ್ತು ಹ ನಡುವೆ ಎರಡು ಮನೆ, ಕೂರಬೇಕಾದವರು ಶ, ಷ, ಸ ಮೂವರು. ಷ ಅಂತೂ ಗ ದ ಕೆಳಗೆ, ಮೂರನೇ ಮನೆಯಲ್ಲಿ ಸಿಕ್ಕಿದ್ದಾನೆ. ಟ ಕ್ಕಿಂತ ಮೊದಲು ಹತ್ತು ಮನೆ, ಅದರಲ್ಲಿ ಕ ದಿಂದ ಛ ವರೆಗಿನ ಏಳು ಅಕ್ಷರ, ಜೊತೆಗೆ ಈ ಮೂವರು ಓಡಿಬಂದವರು. ಲೆಕ್ಕ ಸರಿಯಾಯಿತು. ಈಗ ಯ ಉಂಟು, ಮೂರನೇ ಅಕ್ಷರ ಷ, ಬಹುಶಃ ನ, ಬೇಕಿದ್ದರೆ ನಡುವೆ ಕ ಗ ಚ ಯಾವುದಾದರೂ. ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಕೂತವನಿಗೆ ಇದಕ್ಕಿಂತ ಜಾಸ್ತಿ ಸುಳಿವು ಬೇಕಾ? ಯ, ಕ, ಷ, ಗ, ನ. ಯಕ್ಷಗಾನ. ಪಾರ್ತಿಸುಬ್ಬ ಪ್ರಸಂಗ ಬರೆದದ್ದು ಅದಕ್ಕೇ ಅಲ್ವಾ.

ಸ, ಹ, ಳ ಯಾಕೆ ಬದಲಾಗಲಿಲ್ಲ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಯಕ್ಷಗಾನದಲ್ಲಿ ವರ್ಣಮಾಲೆಯ ತೀರಾ ಕೊನೆಗೆ ಬರುವ ಅಕ್ಷರ ಷ. ಅದು ದಾಟಿದ ಮೇಲೆ ಕೆಳಗಿನ ಸಾಲು ಮೇಲಿನ ಸಾಲಿಗೆ ಸರಿಯಾಗಿ ಬಂದು ಕೂರುತ್ತದೆ. ಕೀಲಿಪದದಲ್ಲಿ ಳ ಇದ್ದರೆ ಈ ತೊಂದರೆ ಇಲ್ಲ. ನಾನು ಮೇಲೆ ಹೊಳೆಯನ್ನು ಸೇರಿಸಿಕೊಂಡದ್ದು ಸುಮ್ನೆ ಅಲ್ಲ.

ಒಂದು ಮಾತು ಒಪ್ಪಬೇಕು. ಇದು ಕನ್ನಡ ಅಂತ ಗೊತ್ತಿದ್ದದ್ದರಿಂದ ಇಷ್ಟು ಬೇಗ ಆಯಿತು. ನಮ್ಮ ಕಾಸರಗೋಡಿನಲ್ಲಿ ಅದನ್ನೂ ಹಾಗೆ ಹೇಳಲಿಕ್ಕಾಗುವುದಿಲ್ಲ. ಅಕ್ಷರ ಕನ್ನಡ ಇರಬಹುದು, ಒಳಗಿನ ಮಾತು ತುಳುವೋ ಮಲಯಾಳವೋ ಆಗಿರಬಹುದು. ತುಳುವಿನಲ್ಲಿ ಶಾಲೆಯಲ್ಲಿ ಅನ್ನಲಿಕ್ಕೆ 'ಶಾಲೆಡ್', ಹವ್ಯಕದಲ್ಲಿ 'ಶಾಲೆಲಿ', ಮಲಯಾಳದಲ್ಲಿ 'ಇಲ್' ಅಂತ ಮುಗಿಯುತ್ತದೆ. 'ರ್ರಿ' ಹುಡುಕಿಕೊಂಡು ಹೋದರೆ ಸಿಗುವುದೇ ಇಲ್ಲ. ಬಸ್ಸಿನಲ್ಲಿ ಮಾತಾಡುವ ಹಾಗೆ ಒಂದೇ ಚೀಟಿಯಲ್ಲಿ ಮೂರು ಭಾಷೆ ಕಲಸಿದ್ದರೆ ನಾನು ಇನ್ನೂ ಜಗಲಿಯಲ್ಲೇ ಇರುತ್ತಿದ್ದೆ. ಇದನ್ನು ನಿಮ್ಮ ಮಗಳಿಗೆ ಹೇಳಿಕೊಡಬೇಡಿ.

ಮನೆಯವರು ಹೇಳಿದ ಕಟಪಯಾದಿ ಬೇರೆ ಸಂಗತಿ. ಅಲ್ಲಿ ಅಕ್ಷರದಿಂದ ಅಂಕಿ ಮಾಡುವುದು, ಕ ಟ ಪ ಯ ನಾಲ್ಕಕ್ಕೂ 1. ಮೇಲ್ಪತ್ತೂರು ನಾರಾಯಣ ಭಟ್ಟತಿರಿ ತಮ್ಮ ನಾರಾಯಣೀಯ ಕಾವ್ಯವನ್ನು ಮುಗಿಸಿದ ಕಲಿದಿನ (ಕಲಿಯುಗ ಶುರುವಾದಲ್ಲಿಂದ ಎಣಿಸಿದ ದಿನಗಳ ಲೆಕ್ಕ) 1712210 ಅನ್ನುವುದು ಕೊನೆಯ 'ಆಯುರಾರೋಗ್ಯಸೌಖ್ಯಂ' ಎಂಬ ಮಾತಿನಲ್ಲೇ ಇದೆ, ಬಲದಿಂದ ಎಡಕ್ಕೆ ಓದಬೇಕು. ಅದು ನೆನಪಿಟ್ಟುಕೊಳ್ಳಲಿಕ್ಕೆ ಮಾಡಿದ್ದು, ಮುಚ್ಚಿಡಲಿಕ್ಕಲ್ಲ. ನಿಯಮ ಎಲ್ಲರಿಗೂ ಗೊತ್ತು, ಕೀಲಿ ಅಂತ ಒಂದಿಲ್ಲ.

ಇದಕ್ಕೆ ನಿಜವಾದ ನೆಂಟ ಬಟ್ಟೆ ಅಂಗಡಿಯಲ್ಲಿ ಸಿಗುತ್ತಾನೆ. ಸೀರೆಯ ಚೀಟಿಯಲ್ಲಿ ಬೆಲೆಯ ಕೆಳಗೆ ಎರಡು ಮೂರು ಅಕ್ಷರ ಗೀಚಿದ್ದನ್ನು ನೋಡಿರಬಹುದು. ಅದು ಅಂಗಡಿಯವರಿಗೆ ಬಿದ್ದ ಅಸಲು. ಚೌಕಾಸಿ ಮಾಡುವಾಗ ಎಷ್ಟಕ್ಕೆ ಇಳಿಯಬಹುದು ಅಂತ ಸೇಲ್ಸಿನ ಹುಡುಗನಿಗೆ ಗೊತ್ತಾಗಬೇಕು, ನಮಗೆ ಗೊತ್ತಾಗಬಾರದು. ಹತ್ತು ಬೇರೆ ಬೇರೆ ಅಕ್ಷರ ಇರುವ ಒಂದು ಮಾತು ಇದ್ದರೆ ಆಯಿತು. 'ಮಧೂರು ಗಣಪತಿ ಕಾಯಲಿ' ಅಂತ ನಾನೊಂದು ಮಾಡಿದ್ದೇನೆ: ಮ 1, ಧ 2, ರ 3, ಗ 4, ಣ 5, ಪ 6, ತ 7, ಕ 8, ಯ 9, ಲ ಸೊನ್ನೆ. 450 ರೂಪಾಯಿಗೆ 'ಗಣಲ', 780ಕ್ಕೆ 'ತಕಲ'. ಅಂಗಡಿಗೆ ಇದು ಧಾರಾಳ ಸಾಕು.

ಆದರೆ ಪಿನ್ ನಂಬರಿಗೆ ಬೇಡ. ಒಂದೇ ಒಂದು ನಾಲ್ಕಂಕಿಯ ನಂಬರನ್ನು ಹೀಗೆ ಬರೆದರೆ ಬರೀ ಅದನ್ನು ನೋಡಿ ಯಾರಿಗೂ ಒಡೆಯಲಿಕ್ಕಾಗುವುದಿಲ್ಲ, ಅದು ನಿಜ. ಎಣಿಸಲಿಕ್ಕೆ ಅಲ್ಲಿ ಏನೂ ಇಲ್ಲ. ತೊಂದರೆ ಶುರು ಆಗುವುದು ಡೈರಿಯಲ್ಲಿ. ನಾವು ಒಂದು ಬರೆದು ನಿಲ್ಲಿಸುತ್ತೇವಾ? ಅದೇ ಕೋಡಿನಲ್ಲಿ ಫೋನ್ ನಂಬರು, ಮಗಳ ಹುಟ್ಟಿದ ದಿನ, ಗ್ಯಾಸ್ ಬುಕ್ಕಿನ ನಂಬರು ಎಲ್ಲ ಬರೆಯುತ್ತೇವೆ. ಡೈರಿ ಸಿಕ್ಕಿದವನಿಗೆ ನಿಮ್ಮ ಫೋನ್ ನಂಬರು ಗೊತ್ತಿದ್ದರೆ ಸಾಕು, ಹತ್ತು ಅಂಕಿಯಲ್ಲಿ ಪಟ್ಟಿಯ ಹೆಚ್ಚಿನ ಪಾಲು ಅವನ ಕೈಗೆ ಬಂತು. ಪಾಸ್‌ವರ್ಡಿಗೂ ಅಷ್ಟೇ. ಕೀಲಿಪದ ಅಂತ ಜನ ಇಡುವುದು ಊರಿನ ಹೆಸರು, ದೇವರ ಹೆಸರು, ಮಕ್ಕಳ ಹೆಸರು. ನಿಘಂಟಿನ ಶಬ್ದಗಳನ್ನೆಲ್ಲ ಒಂದೊಂದಾಗಿ ಕೀಲಿ ಮಾಡಿ ನೋಡಲಿಕ್ಕೆ ಕಂಪ್ಯೂಟರಿಗೆ ನೀವು ಸ್ನಾನ ಮಾಡಿ ಬರುವಷ್ಟು ಹೊತ್ತೂ ಬೇಡ. ಪಾಸ್‌ವರ್ಡ್ ಇಡಲಿಕ್ಕೆಂದೇ ಮಾಡಿದ ಆ್ಯಪ್‌ಗಳಿವೆ, ಅದರಲ್ಲಿ ಇಡಿ. ಪಿನ್ನು ತಲೆಯಲ್ಲಿರಲಿ.

ಮುಚ್ಚಿದ್ದೇವೆ ಅನ್ನುವ ಧೈರ್ಯವೇ ಕೆಲವು ಸಲ ಕೆಡಿಸುತ್ತದೆ. ಸ್ಕಾಟ್ಲೆಂಡಿನ ರಾಣಿ ಮೇರಿ 1586ರಲ್ಲಿ ಸೆರೆಯಲ್ಲಿದ್ದುಕೊಂಡೇ ಬ್ಯಾಬಿಂಗ್ಟನ್ ಎಂಬವನಿಗೆ ಗುಪ್ತಲಿಪಿಯಲ್ಲಿ ಪತ್ರ ಬರೆದಳು. ಮಕ್ಕಳ ಈ ಕೋಡಿಗಿಂತ ಅದು ಗಟ್ಟಿ, ಅಕ್ಷರಕ್ಕೊಂದು ಗುರುತು, ಕೆಲವು ಶಬ್ದಕ್ಕೇ ಬೇರೆ ಗುರುತು, ಅರ್ಥವಿಲ್ಲದ ಸುಳ್ಳು ಗುರುತುಗಳೂ ಇದ್ದವು. ಅವಳನ್ನು ಸೆರೆಯಲ್ಲಿಟ್ಟಿದ್ದ ಇಂಗ್ಲೆಂಡಿನ ಎಲಿಜಬೆತ್ ರಾಣಿಯ ಕಡೆಯ ಥಾಮಸ್ ಫೆಲಿಪ್ಸ್ ಎಲ್ಲವನ್ನೂ ಓದಿದ. ಎಲಿಜಬೆತ್ ರಾಣಿಯನ್ನು ಕೊಲ್ಲುವ ಪಿತೂರಿಯ ಮಾತು ಅದರಲ್ಲಿ ಬಿಚ್ಚಿಯೇ ಬರೆದಿತ್ತು. ಮುಂದಿನ ವರ್ಷ ಮೇರಿಯ ತಲೆ ಹೋಯಿತು.

ಹುಡುಗಿಯರ ಕೋಡನ್ನು ಸ್ವಲ್ಪ ಗಟ್ಟಿ ಮಾಡಬೇಕಾದರೆ ದಾರಿ ಉಂಟು. ನನ್ನ ಪ್ರಕಾರ ಮೊದಲು ಮಾಡಬೇಕಾದದ್ದು ಶಬ್ದಗಳ ನಡುವಿನ ಜಾಗ ತೆಗೆದುಬಿಡುವುದು. ಐದೈದು ಅಕ್ಷರಕ್ಕೆ ಒಂದೊಂದು ಗುಂಪು ಮಾಡಿ ಬರೆದರೆ 'ಷೆ' ಎಲ್ಲಿ ಕೊನೆ, ಎಲ್ಲಿ ನಡು ಅಂತ ಗೊತ್ತಾಗುವುದಿಲ್ಲ, ನನ್ನ ಅರ್ಧ ಕೆಲಸ ಅಲ್ಲೇ ಕೆಟ್ಟಿತು. ಆಮೇಲೆ ಸ್ವರಗಳಿಗೂ ಇನ್ನೊಂದು ಕೀಲಿ. ಎ ಕಾರ ಇದ್ದಲ್ಲಿ ಉ ಕಾರ ಬಂದರೆ 'ಗೆ' ಯ ಗುರುತೇ ಸಿಗುವುದಿಲ್ಲ. ಒತ್ತು ಮಾತ್ರ ಏನು ಮಾಡಿದರೂ ಬಾಯಿಬಿಡುತ್ತದೆ. ಲ್ಲ, ನ್ನ, ತ್ತ, ಮ್ಮ, ನಾವು ದಿನಾ ಆಡುವ ಮಾತಿನ ತುಂಬ ಅವೇ. ಅದಕ್ಕೆ ಒಂದೇ ಉಪಾಯ, ಬರೆಯುವಾಗ ಒತ್ತು ಬಿಟ್ಟು 'ಅಮ' 'ಎಲರೂ' ಅಂತ ಬರೆದುಕೊಂಡು ಆಮೇಲೆ ಕೋಡ್ ಮಾಡುವುದು. ಕನ್ನಡ ಟೀಚರಿಗೆ ಗೊತ್ತಾದರೆ ನನ್ನ ಹೆಸರು ಹೇಳಬೇಡಿ. ಇಷ್ಟೆಲ್ಲ ಮಾಡಿದರೂ ನಾಲ್ಕು ಪುಟದ ಪತ್ರ ಬರೆದರೆ ಒಡೆಯುತ್ತದೆ, ಎಣಿಕೆ ಆಗ ಕೆಲಸಕ್ಕೆ ಬರುತ್ತದೆ. ಒಂದೇ ಸಾಲಿನ ಚೀಟಿ ಆದರೆ ನನ್ನಂಥವನಿಗೆ ಕಷ್ಟವೇ.

ಮಗಳಿಗೆ ಬೈಯಬೇಡಿ. ಇವತ್ತು ರಾತ್ರಿ ಅವಳದ್ದೇ ಕೀಲಿಪದದಲ್ಲಿ ಒಂದು ಸಾಲು ಬರೆದು ಅದೇ ಕಂಪಾಸ್ ಬಾಕ್ಸಿನಲ್ಲಿ ಇಟ್ಟುಬಿಡಿ. ನಿಮಗೆ ಕಷ್ಟ ಆಗದಿರಲಿ ಅಂತ ನಾನೇ ಬರೆದಿದ್ದೇನೆ. ಪಟ್ಟಿ ಮಾಡಿ ಮೊದಲು ನೀವು ಓದಿ ನೋಡಿ, ಒಪ್ಪಿಗೆ ಆದರೆ ಮಾತ್ರ ಇಡಿ:

ಹದ್ದಳ ಯಮಿಣು ಇಜ್ಜಿಣ್ಣೇಥೆ.